ಎಳ್ಳಮಾಸಿಗೆ ಕರೆಯದೆ ಬರುವ ನೆಂಟರು



ಎಳ್ಳ ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತರ ಮೇಲೆ ಬೀದರ್ ನಗರದ ಓಣಿಗಳಲ್ಲಿ ಮಂದಿ ಸಿಗುವುದು ಕಷ್ಟ. ಭಾಲ್ಕಿಯಲ್ಲೂ ಅದೇ, ಔರಾದಿನಲ್ಲೂ ಅದೇ. ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಟಂಟಂ, ಟ್ರ್ಯಾಕ್ಟರ್, ಮೋಟಾರ್ ಸೈಕಲ್, ಅಲ್ಲೊಂದು ಇಲ್ಲೊಂದು ಉಳಿದಿರುವ ಎತ್ತಿನ ಬಂಡಿ, ಎಲ್ಲವೂ ಊರಿಂದ ಹೊರಗೆ ಮುಖ ಮಾಡಿ ಹೊರಟಿರುತ್ತವೆ. ಹೆಂಗಸರ ತಲೆಯ ಮೇಲೆ ರೊಟ್ಟಿ ಬುಟ್ಟಿ, ಗಂಡಸರ ಕೈಯಲ್ಲಿ ಅಂಬಲಿಯ ಗಡಿಗೆ, ನಡುವೆ ರಾತ್ರಿಯೆಲ್ಲ ಕುದಿದ ಭಜ್ಜಿಯ ದೊಡ್ಡ ಪಾತ್ರೆ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ವಟಾಣಿ, ಮೆಂತ್ಯ, ಪಾಲಕ್, ಬದನೆ, ಗಜ್ಜರಿ, ಆ ಕಾಲದಲ್ಲಿ ಹೊಲ ಕೊಟ್ಟ ಎಲ್ಲವನ್ನೂ ಕಡಲೆಹಿಟ್ಟಿನಲ್ಲಿ ಕೂಡಿಸಿ ಕುದಿಸಿದ್ದು. ಸಜ್ಜೆ ರೊಟ್ಟಿಯ ಜೊತೆ ಅದನ್ನು ಹೊಲದಲ್ಲಿ ಕುಳಿತೇ ಉಣ್ಣಬೇಕು. ಸ್ವಂತ ಹೊಲ ಇಲ್ಲದವರಿಗೂ ಆ ದಿನ ಹೊಲ ತಪ್ಪುವುದಿಲ್ಲ. “ನಮ್ಮ ಹೊಲಕ್ಕ ಬರ್ರಿ” ಎಂದು ಕರೆಯುವ ಗೆಳೆಯ ಒಬ್ಬನಾದರೂ ಇದ್ದೇ ಇರುತ್ತಾನೆ.

ಹೊಲದಲ್ಲಿ ಜೋಳದ ದಂಟುಗಳನ್ನು ಕಟ್ಟಿ ಒಂದು ಪುಟ್ಟ ಕೊಂಪೆ. ಅದರೊಳಗೆ ಸುಣ್ಣ ಬಳಿದ ಐದು ಕಲ್ಲು, ಅವರೇ ಪಾಂಡವರು. ಪೂಜೆ ಮುಗಿದ ಮೇಲೆ ಚರಗ. ಬಸಿರಿಗೆ ಬಯಕೆಯ ಊಟ ಹಾಕಿದ ಹಾಗೆ, ಕಾಳು ತುಂಬಿ ನಿಂತ ಭೂಮಿತಾಯಿಗೆ ಎಡೆಯ ಅನ್ನವನ್ನು ಹೊಲದ ತುಂಬ ಎರಚುತ್ತಾರೆ. ಮುಂದೆ ಒಬ್ಬರು ಚೆಲ್ಲುತ್ತಾ ಹೋದರೆ ಹಿಂದಿನವರು ನೀರು ಚಿಮುಕಿಸುತ್ತಾ ಕೂಗು ಹಾಕುತ್ತಾರೆ. ಗಡಿಯಾಚೆಯ ಲಾತೂರ್ ಸೀಮೆಯವರು ಇದೇ ಹಬ್ಬವನ್ನು ಯೇಳವಸ್ ಎಂದು ಕರೆದು ಇದೇ ರೀತಿ ಕೊಂಪೆ ಕಟ್ಟುತ್ತಾರೆ.

ಚರಗ ಎರಚುವವರ ಕಾಲ ಬಳಿಯಿಂದ ಏನೋ ಪಕ್ಕನೆ ಹಾರುತ್ತದೆ. ಎರಡು ಸಾಲು ಆಚೆ ಹೋಗಿ ಕೂರುತ್ತದೆ. ಮಗುವೊಂದು ಅನ್ನದ ಕೈಯಲ್ಲೇ ಅದರ ಬೆನ್ನು ಹತ್ತುತ್ತದೆ. ಹಬ್ಬದ ಫೋಟೊಗಳಲ್ಲಿ ಅದು ಬರುವುದೇ ಇಲ್ಲ. ಆದರೆ ಎಡೆಯಲ್ಲಿ ಬಿದ್ದಿರುವ ಒಂದಷ್ಟು ಕಾಳಿನ ಹಿಂದೆ ಅದರ, ಅದಕ್ಕಿಂತ ಹೆಚ್ಚಾಗಿ ಅದರ ದಾಯಾದಿಗಳಾದ ಜೇನು ದುಂಬಿಗಳ ದುಡಿಮೆ ಇದೆ. ಇಂದಿನ ಮಾತು ಈ ಕರೆಯದೆ ಬರುವ ನೆಂಟರನ್ನು ಕುರಿತದ್ದು.

ಚಿಟ್ಟೆ ಎಂಬುದು ಪುಸ್ತಕದ ಮಾತು. ಉತ್ತರ ಕರ್ನಾಟಕದ ಬಾಯಲ್ಲಿ ಅದು ಪಾತರಗಿತ್ತಿ. ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ ಓದಿದವರಿಗೆ ಹೇಳಬೇಕಿಲ್ಲ. ಬೀದರಿನಲ್ಲಿ ಇದೊಂದೇ ಹೆಸರು ಸಾಲುವುದಿಲ್ಲ. ಒಂದೇ ಓಣಿಯ ಒಂದು ಮನೆಯಲ್ಲಿ ಪಾತರಗಿತ್ತಿ, ಎದುರಿನ ಉರ್ದು ಮನೆಯಲ್ಲಿ ತಿತ್ಲೀ, ಮೂಲೆಯ ಮರಾಠಿ ಮನೆಯಲ್ಲಿ ಫುಲಪಾಖರೂ. ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಮೈ ತಾಗಿಸಿಕೊಂಡಿರುವ ಔರಾದಿನ ಕಡೆ ಹೋದರೆ ತೆಲುಗಿನ ಸೀತಾಕೋಕಚಿಲುಕ ಎಂಬ ಉದ್ದನೆಯ ಚೆಲುವಾದ ಹೆಸರೂ ಕಿವಿಗೆ ಬೀಳುತ್ತದೆ. ಸೀತೆಯ ಸೀರೆ ಉಟ್ಟ ಗಿಳಿ ಎಂದು ಅದನ್ನು ಬಿಡಿಸಿಕೊಳ್ಳಬಹುದು. ನಾಲ್ಕರಲ್ಲಿ ಯಾವುದಕ್ಕೆ ಬಹುಮಾನ ಎಂದು ಕೇಳಿದರೆ ಮನಸ್ಸು ಪಾತರಗಿತ್ತಿಯ ಕಡೆಗೇ ಜಗ್ಗುತ್ತದೆ, ಆದರೂ ಸೀತೆಯ ಸೀರೆಯನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ಚಿಟ್ಟೆಗೆ, ಜೇನಿಗೆಂದೇ ಹಬ್ಬ ಮಾಡುವ ರೂಢಿ ಈಗ ಜಗತ್ತಿನಲ್ಲೆಲ್ಲ ಇದೆ. ಮೇ 20 ವಿಶ್ವ ಜೇನು ದಿನ. 1734ರಲ್ಲಿ ಸ್ಲೊವೇನಿಯಾದಲ್ಲಿ ಹುಟ್ಟಿದ ಜೇನು ಸಾಕಣೆಯ ಗುರು ಆಂಟನ್ ಯಾನ್ಷಾನ ನೆನಪಿಗೆ ವಿಶ್ವಸಂಸ್ಥೆ ಅದನ್ನು 2017ರಲ್ಲಿ ಘೋಷಿಸಿತು, ಮರುವರ್ಷದಿಂದ ಆಚರಣೆ ಶುರುವಾಯಿತು. ಅಮೆರಿಕದವರು ಜೂನ್ ತಿಂಗಳಲ್ಲಿ ಒಂದು ವಾರವನ್ನು ಪರಾಗ ಹೊರುವ ಜೀವಿಗಳಿಗೆ ಮೀಸಲಿಟ್ಟಿದ್ದಾರೆ. ನಮ್ಮ ದೇಶದ ಚಿಟ್ಟೆಪ್ರಿಯರು 2020ರಿಂದ ಸೆಪ್ಟೆಂಬರನ್ನು ದೊಡ್ಡ ಚಿಟ್ಟೆ ಮಾಸ ಎಂದು ಕರೆದು, ಊರೂರಲ್ಲಿ ಎಣಿಕೆ, ನಡಿಗೆ, ಮಕ್ಕಳ ಚಿತ್ರ ಸ್ಪರ್ಧೆ ನಡೆಸುತ್ತಾರೆ. ಈ ದಿನಗಳನ್ನು ಬೀದರಿನ ಹೊಲಕ್ಕೆ ತಂದು ಇಟ್ಟು ನೋಡಿದರೆ ತಮಾಷೆಯಾಗಿರುತ್ತದೆ. ಮೇ 20ಕ್ಕೆ ಇಲ್ಲಿ ಬಿಸಿಲು ಸುಡುತ್ತಿರುತ್ತದೆ, ಹೊಲ ಬರಿ ಉತ್ತ ಮಣ್ಣು, ಬೆಳೆಯ ಹೂವಿನ ಮಾತೇ ಇಲ್ಲ. ಜೂನಿನಲ್ಲಿ ರೈತ ಕೂರಿಗೆ, ಬೀಜ, ಗೊಬ್ಬರ ಎಂದು ಓಡಾಡುತ್ತಿರುತ್ತಾನೆ, ಹಬ್ಬಕ್ಕೆ ಕರೆದರೆ ಬೈದು ಕಳಿಸುತ್ತಾನೆ. ಸೆಪ್ಟೆಂಬರ್ ಮಾತ್ರ ಸರಿಹೊಂದುತ್ತದೆ. ಆಗ ಬದುಗಳಲ್ಲಿ, ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲಲ್ಲಿ ತಂಗಡಿ ಹಳದಿಯಾಗಿ ಅರಳುತ್ತದೆ. ಪಕ್ಕದ ತೆಲಂಗಾಣದವರು ಬತುಕಮ್ಮನಿಗೆ ಏರಿಸುವ, ತಮ್ಮ ರಾಜ್ಯ ಪುಷ್ಪವೆಂದು ಮಾಡಿಕೊಂಡಿರುವ ತಂಗೇಡು ಇದೇ ಗಿಡ. ಇದರ ಎಲೆ ತಿಂದು ಬೆಳೆಯುವ ತಿಳಿ ಹಳದಿ, ಹಸಿರು ಮಿಶ್ರಿತ ಬಿಳಿ ಬಣ್ಣದ ಎಮಿಗ್ರಂಟ್ ಚಿಟ್ಟೆಗಳು ಆಗ ಗುಂಪು ಗುಂಪಾಗಿ ರಸ್ತೆ ದಾಟುತ್ತವೆ.

ಚಿಟ್ಟೆಯನ್ನೇ ನೋಡಲು ಹೋಗುವುದಾದರೆ ಕರ್ನಾಟಕದಲ್ಲಿ ಎರಡು ಜಾಗ ಹೆಸರಾಗಿವೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2006ರಲ್ಲಿ ತೆರೆದ ಚಿಟ್ಟೆ ಉದ್ಯಾನದಲ್ಲಿ ಗುಮ್ಮಟದಂಥ ಮಾಡಿನ ಕೆಳಗೆ ತೇವ, ಹೂವು, ಕಾಲುದಾರಿ. ದಕ್ಷಿಣ ಕನ್ನಡದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ತಮ್ಮ ಜಮೀನಿನಲ್ಲಿ ಆರಂಭಿಸಿದ ಉದ್ಯಾನಕ್ಕೆ ಮಾಡೂ ಇಲ್ಲ, ಬಲೆಯೂ ಇಲ್ಲ. ಮರಿಹುಳು ತಿನ್ನುವ ಗಿಡ ನೆಟ್ಟು ಕಾದರೆ ಚಿಟ್ಟೆ ತಾನಾಗಿ ಬರುತ್ತದೆ ಎಂಬುದು ಅಲ್ಲಿಯ ಲೆಕ್ಕ. ಬೀದರಿನಿಂದ ಬೆಂಗಳೂರಿಗೆ 650 ಕಿಲೋಮೀಟರಿಗೂ ಹೆಚ್ಚು ದೂರ. ಬೆಳುವಾಯಿಯಂತೂ ಕರಾವಳಿಯ ಮಾತು. ಕರ್ನಾಟಕದ ರಾಜ್ಯ ಚಿಟ್ಟೆ ಎನಿಸಿಕೊಂಡ, ಅಂಗೈಗಿಂತ ಅಗಲ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಕೂಡ ಪಶ್ಚಿಮ ಘಟ್ಟ ಬಿಟ್ಟು ಈ ಕಡೆ ತಲೆ ಹಾಕುವುದಿಲ್ಲ. ಭಾರತದಲ್ಲಿ 1,300ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ, ಅವುಗಳಲ್ಲಿ 330ರಷ್ಟು ಘಟ್ಟದ ಸಾಲಿನಲ್ಲೇ ಸಿಗುತ್ತವೆ. ದಖ್ಖನಿನ ಒಣ ಭೂಮಿಯ ಪಾಲಿಗೆ ಬಂದವು ಸಣ್ಣವು, ಗಟ್ಟಿಯವು, ಕಳೆ ಗಿಡ ತಿಂದು ಬದುಕುವವು. ಬೆಳುವಾಯಿಯ ಲೆಕ್ಕವನ್ನು ಬೀದರಿಗೆ ಹಚ್ಚಿದರೆ, ಇಲ್ಲಿಯ ಚಿಟ್ಟೆ ಉದ್ಯಾನ ಯಾವುದು? ಹೊಲದ ಬದು. ಅಲ್ಲಿಗೆ ಮಕ್ಕಳು ಮರಿ ಸಮೇತ ಇಡೀ ಜಿಲ್ಲೆ ಹೋಗುವ ದಿನ ಒಂದೇ, ಎಳ್ಳಮಾಸಿ.

ಬದುವಿನ ಮೇಲೆ ಮೊದಲು ಕಣ್ಣಿಗೆ ಬೀಳುವುದು ಎಕ್ಕೆ. ಶನಿವಾರ ಹನುಮಪ್ಪನಿಗೆ ಇದರ ಎಲೆಯದೇ ಹಾರ. ಉಳಿದ ದಿನ ಇದನ್ನು ಕೇಳುವವರಿಲ್ಲ. ದನ ಮೂಸುವುದಿಲ್ಲ, ಮುರಿದರೆ ಬಿಳಿ ಹಾಲು ಜಿನುಗುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಆ ದಪ್ಪ, ಬೂದಿ ಬಳಿದಂತಿರುವ ಎಲೆಯನ್ನು ಮೆಲ್ಲಗೆ ಎತ್ತಿ ನೋಡಿದರೆ ಕೆಳಗೆ ಒಂದು ಹುಳು. ಮೈತುಂಬ ಕಪ್ಪು ಬಿಳಿ ಪಟ್ಟೆ, ನಡುನಡುವೆ ಹಳದಿ ಬೊಟ್ಟು, ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೋಡು. ತಿನ್ನುವ ಮೊದಲು ಅದು ಎಲೆಯ ನರವನ್ನು ಕಚ್ಚಿ ಹಾಲು ಸೋರಿ ಹೋಗುವಂತೆ ಮಾಡುತ್ತದೆ, ಆಮೇಲೆ ತುದಿಯಿಂದ ಊಟ. ಎಕ್ಕೆಯ ವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಂಡು, ಕೆಲವೇ ವಾರಗಳಲ್ಲಿ ಇಟ್ಟಿಗೆ ಬಣ್ಣದ ರೆಕ್ಕೆ, ಕಪ್ಪು ತುದಿ, ಅದರ ಮೇಲೆ ಬಿಳಿ ಚುಕ್ಕೆ ಇರುವ ಪ್ಲೇನ್ ಟೈಗರ್ ಆಗಿ ಹೊರಬರುತ್ತದೆ. ಒಮ್ಮೆ ಇದನ್ನು ತಿಂದು ಕಕ್ಕಿದ ಹಕ್ಕಿ ಇನ್ನೊಮ್ಮೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಇದರ ಹಾರಾಟದಲ್ಲಿ ಅವಸರವಿಲ್ಲ, ಪೇಟೆಯಲ್ಲಿ ಅಡ್ಡಾಡುವ ಸಾಹುಕಾರನ ನಡಿಗೆ.

ಹಕ್ಕಿಗಳ ಈ ಹೆದರಿಕೆಯ ಲಾಭ ಪಡೆಯುವ ಇನ್ನೊಬ್ಬಳಿದ್ದಾಳೆ. ಡ್ಯಾನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣಿನ ರೆಕ್ಕೆಯ ಮೇಲೆ ಪ್ಲೇನ್ ಟೈಗರಿನದೇ ಬಣ್ಣ, ಅದೇ ತುದಿ, ಅದೇ ಚುಕ್ಕೆ. ಮೈಯಲ್ಲಿ ಮಾತ್ರ ವಿಷವಿಲ್ಲ, ಬಾಲ್ಯದಲ್ಲಿ ತಿಂದದ್ದು ಬರಿ ಗೋಳಿ ಸೊಪ್ಪಿನಂಥ ಸಾಧು ಗಿಡ. ಭಾಲ್ಕಿಯವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಆ ಊರಿನ ಮನೆಮನೆಯ ಮಾತು.

ಎಕ್ಕೆಯ ಹೂವಿಗೆ ಮರಳೋಣ. ನೇರಳೆ ಬಣ್ಣದ ಆ ಮೇಣದಂಥ ಹೂವಿನ ಮೇಲೆ ಗುಂಯ್ಯೆಂದು ಬಂದು ಕೂರುವುದು ಹೆಬ್ಬೆರಳ ತುದಿಯಷ್ಟು ದಪ್ಪದ, ನೀಲಿ ಮಿಂಚುವ ಕರಿ ದುಂಬಿ. ಮರ ಕೊರೆದು ಗೂಡು ಮಾಡುವುದರಿಂದ ಇಂಗ್ಲಿಷಿನವರು ಇದಕ್ಕೆ ಬಡಿಗನ ಹೆಸರಿಟ್ಟಿದ್ದಾರೆ. ಎಕ್ಕೆಯ ಪರಾಗ ಪುಡಿಯಾಗಿರದೆ ಪುಟ್ಟ ಜೋಡಿ ಚೀಲದಂತೆ ಇರುತ್ತದೆ. ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಇನ್ನೊಂದು ಹೂವಿಗೆ ಮುಟ್ಟಿಸಲು ಇಂಥ ಭಾರದ ಆಳೇ ಬೇಕು. ವರ್ಷವಿಡೀ ಹೂ ಬಿಡುವ ಎಕ್ಕೆ ಈ ದುಂಬಿಗೆ ವರ್ಷವಿಡೀ ಖಾನಾವಳಿ. ಇದೇ ದುಂಬಿ ತೊಗರಿ ಹೂ ಬಿಟ್ಟಾಗ ಬದುವಿನಿಂದ ಇಳಿದು ಹೊಲದೊಳಗೆ ಬರುತ್ತದೆ.

ತೊಗರಿ ಹೂವನ್ನು ಬಿಡಿಸಿ ನೋಡಿದವರು ಕಡಿಮೆ. ಹಳದಿ ಎಸಳು, ಬೆನ್ನಿಗೆ ಕೆಂಪು ಗೀರು, ಕೆಳಗೆ ದೋಣಿಯಂತೆ ಮಡಚಿದ ಎರಡು ಎಸಳು. ಆ ದೋಣಿಯೊಳಗೆ ಹತ್ತು ಕೇಸರ, ನಡುವೆ ಶಲಾಕೆ. ಹೂ ಅರಳುವ ಮುಂಚೆ, ಮೊಗ್ಗಿನಲ್ಲೇ ಪರಾಗ ಒಡೆದಿರುತ್ತದೆ. ಹಾಗಾಗಿ ತೊಗರಿ ಬಹುಮಟ್ಟಿಗೆ ತನ್ನ ಕಾಯಿಯನ್ನು ತಾನೇ ಕಟ್ಟಿಕೊಳ್ಳಬಲ್ಲದು. ಆದರೂ ದುಂಬಿ ಬಂದು ಕೂತ ಭಾರಕ್ಕೆ ದೋಣಿ ಕೆಳಗೆ ಬಾಗಿ ಕೇಸರ ಹೊರಗೆ ಚಿಮ್ಮುತ್ತದೆ, ದುಂಬಿಯ ಹೊಟ್ಟೆಗೆ ಹಳದಿ ಪುಡಿ ಮೆತ್ತುತ್ತದೆ. ಇಂಥ ಅಡ್ಡ ಪರಾಗಸ್ಪರ್ಶ ಊರು, ಹವೆ, ಕೀಟಗಳ ಲೆಕ್ಕದಲ್ಲಿ ಏರಿಳಿದರೂ ಸರಾಸರಿ ನೂರಕ್ಕೆ 20ರ ಆಸುಪಾಸು. ಹೆಜ್ಜೇನು, ಕರಿ ದುಂಬಿ, ಎಲೆಕತ್ತರಿ ಜೇನು ಇಲ್ಲಿಯ ಮುಖ್ಯ ಕೆಲಸಗಾರರು. ಎಲೆಕತ್ತರಿ ಜೇನು ಎಲೆಯ ಅಂಚಿನಿಂದ ಬಳೆ ಚೂರಿನಂತೆ ದುಂಡಗೆ ಕತ್ತರಿಸಿ ಹೊಟ್ಟೆಯಡಿ ಹಿಡಿದು ಹಾರುವುದನ್ನು ಕಂಡ ಮಗು ಆ ದಿನವಿಡೀ ಬೇರೆ ಆಟ ಕೇಳುವುದಿಲ್ಲ.

ಈ ದುಡಿಮೆಯ ಬೆಲೆ ಗೊತ್ತಾದದ್ದು ಬೀದರಿಗೆ ಹತ್ತಿರದಲ್ಲೇ. ಹೈದರಾಬಾದ್ ರಸ್ತೆಯಲ್ಲಿ ಸಿಗುವ ಪಟನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತೊಗರಿಯ ಹೈಬ್ರಿಡ್ ತಯಾರಿಸಿದರು. ಮೊದಲನೆಯದಾದ ಐಸಿಪಿಎಚ್ 8 ಬಂದದ್ದು 1991ರಲ್ಲಿ. ಭತ್ತದ ಹೈಬ್ರಿಡ್ ಬೀಜಕ್ಕೆ ಹಗ್ಗ ಎಳೆದು ಪರಾಗ ಹಾರಿಸುತ್ತಾರೆ. ತೊಗರಿಯಲ್ಲಿ ಅದು ನಡೆಯದು. ಗಂಡು ಸಾಲಿನಿಂದ ಹೆಣ್ಣು ಸಾಲಿಗೆ ಪರಾಗ ಮುಟ್ಟಿಸುವವರು ಸಂಬಳವಿಲ್ಲದ ಈ ಹಾರುವ ಆಳುಗಳೇ. ಅವು ಬಾರದಿದ್ದರೆ ಬೀಜವಿಲ್ಲ.

ಎಲ್ಲ ಬೆಳೆಗೂ ಇವುಗಳ ಹಂಗಿಲ್ಲ, ಅದನ್ನೂ ಹೇಳಬೇಕು. ಜೋಳಕ್ಕೆ ಗಾಳಿ ಸಾಕು. ಕಡಲೆ ತನ್ನಷ್ಟಕ್ಕೆ ತಾನು ಕಾಯಿ ಕಟ್ಟುತ್ತದೆ. ಗುರೆಳ್ಳಿನ ಕಥೆ ಪೂರ್ತಿ ಉಲ್ಟಾ: ತನ್ನ ಪರಾಗ ತನಗೇ ಒಗ್ಗದ ಗಿಡ, ಜೇನು ಬಾರದಿದ್ದರೆ ಅದರ ಚಟ್ನಿಪುಡಿಯೂ ಇಲ್ಲ. ಸೂರ್ಯಕಾಂತಿಯ ತೆನೆಯ ನಡುವೆ ಕಾಳು ಜಳ್ಳಾಗಿದ್ದರೆ ಅಲ್ಲಿಗೆ ಜೇನು ಸರಿಯಾಗಿ ಬಂದಿಲ್ಲವೆಂದೂ ಅನುಮಾನಿಸಬಹುದು. ಬೀದರಿನ ಗುಡ್ಡಗಳಲ್ಲಿ ಬೆಳೆಯುವ ಸೀತಾಫಲದ್ದು ಇನ್ನೂ ವಿಚಿತ್ರ. ಅದರ ದಪ್ಪ ಎಸಳಿನ ಹೂವೊಳಗೆ ನುಗ್ಗುವವು ಸಾಸಿವೆಗಿಂತ ಸ್ವಲ್ಪ ದೊಡ್ಡ ಓಡುಹುಳುಗಳು. 2016ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಜೀವವೈವಿಧ್ಯ ವೇದಿಕೆಯ ವರದಿ ಹೇಳಿದಂತೆ ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲಿಗೂ ಹೆಚ್ಚು ಬಗೆಗಳು ಸ್ವಲ್ಪವೋ ಬಹಳವೋ ಇಂಥ ಜೀವಿಗಳನ್ನು ನೆಚ್ಚಿವೆ. ಅಂದಹಾಗೆ, ಹಬ್ಬದ ಪೋಸ್ಟರಿನ ಮೇಲೆ ಚಿತ್ರ ಪಾತರಗಿತ್ತಿಯದು, ಹೊಲದಲ್ಲಿ ಹೆಚ್ಚಿನ ಕೆಲಸ ಜೇನಿನದು. ಉದ್ದ ಕಾಲಿನ ಮೇಲೆ ನಿಂತು ಉದ್ದ ಸೊಂಡಿಲಿನಿಂದ ಹೀರುವ ಚಿಟ್ಟೆಗೆ ಪರಾಗ ಅಷ್ಟಾಗಿ ಮೆತ್ತಿಕೊಳ್ಳುವುದಿಲ್ಲ.

ರೈತನಿಗೆ ಚಿಟ್ಟೆಯೆಂದರೆ ಬರಿ ಚೆಲುವೂ ಅಲ್ಲ. ತೊಗರಿ ಮೊಗ್ಗಿನ ಮೇಲೆ ಮೊಟ್ಟೆಯಿಡುವ ಪೀ ಬ್ಲೂ ಎಂಬ ನೀಲಿ ಚಿಟ್ಟೆಯ ಮರಿ ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುತ್ತದೆ. ಚಿಟ್ಟೆ ಮಾತ್ರ ಬೆರಳುಗುರಿನಷ್ಟು. ಹಿಂದಿನ ರೆಕ್ಕೆಗೆ ಕೂದಲೆಳೆಯಂಥ ಬಾಲ, ಪಕ್ಕದಲ್ಲಿ ಕಣ್ಣಿನಂಥ ಚುಕ್ಕೆ. ಕೂತಲ್ಲೇ ಆ ಬಾಲ ಆಡಿಸುತ್ತಿದ್ದರೆ ಹಕ್ಕಿ ಅದನ್ನೇ ತಲೆಯೆಂದು ಕುಕ್ಕಿ ರೆಕ್ಕೆಯ ಚೂರು ಕಿತ್ತುಕೊಂಡು ಹೋಗುತ್ತದೆ, ಚಿಟ್ಟೆ ಬದುಕುತ್ತದೆ. ಇದಕ್ಕಿಂತ ದೊಡ್ಡ ವೈರಿ ಕಾಯಿಕೊರಕ, ರಾತ್ರಿ ಹಾರುವ ಪತಂಗದ ಮರಿ, ಊರ ಮಾತಿನಲ್ಲಿ ಕೀಡಿ. ಅದರ ಕಾಟಕ್ಕೆ ಕಲಬುರಗಿ ಸೀಮೆಯ ರೈತರು ಕಂಡುಕೊಂಡ ಮದ್ದು ಹೆಸರಾಗಿದೆ: ಸಾಲಿನಡಿ ತಟ್ಟು ಹಾಸಿ ಗಿಡ ಅಲುಗಿಸುವುದು, ಉದುರಿದ ಕೀಡಿಯನ್ನು ಆರಿಸಿ ಕೊಲ್ಲುವುದು. ಕೈಗೆಲಸ ಹೆಚ್ಚು, ಆದರೆ ಹೂವಿನ ಮೇಲಿನ ದುಂಬಿಗೆ ಏನೂ ಆಗುವುದಿಲ್ಲ. ಕೀಟನಾಶಕದ ಎಣ್ಣೆ ಹೊಡೆಯಲೇಬೇಕಾದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ ಎಂದು ಕೃಷಿ ತಜ್ಞರು ಹೇಳುತ್ತಲೇ ಬಂದಿದ್ದಾರೆ.

ಕೀಡಿಯ ಎಣ್ಣೆಗಿಂತ ಈಗ ಹೆಚ್ಚು ಯೋಚಿಸಬೇಕಾದ್ದು ಕಳೆನಾಶಕದ ಡಬ್ಬಿ. ಭಾಲ್ಕಿ, ಔರಾದ್ ಸೀಮೆಯ ಮುಂಗಾರಿನಲ್ಲಿ ಸೋಯಾ ಬೆಳೆ ಹರಡಿದ ಮೇಲೆ ಹೆಸರು, ಉದ್ದು, ಎಳ್ಳು ಹಿಂದೆ ಸರಿದಿವೆ. ಎಳ್ಳಿನ ಹೆಸರಿನ ಹಬ್ಬ ಮಾಡುವವರ ಹೊಲದಲ್ಲೇ ಎಳ್ಳು ಹುಡುಕಬೇಕಾಗಿದೆ. ಸೋಯಾ ಹೂ ಸಣ್ಣದು, ತನ್ನಷ್ಟಕ್ಕೆ ಕಾಯಿ ಕಟ್ಟುವಂಥದ್ದು, ಜೇನಿಗೆ ಅದರಿಂದ ದೊಡ್ಡ ಊಟವಿಲ್ಲ. ಅದರ ಜೊತೆ ಬದುವಿಗೂ ಕಳೆನಾಶಕ ಹೊಡೆದರೆ ಎಕ್ಕೆ ಹೋಯಿತು, ತಂಗಡಿ ಹೋಯಿತು, ಹುಳುವಿಗೆ ಎಲೆ ಇಲ್ಲ, ದುಂಬಿಗೆ ಖಾನಾವಳಿ ಇಲ್ಲ. ಜೋಳದ ಹೊಲದಂಚಿಗೆ ದನ ನುಗ್ಗದಂತೆ ಕುಸುಬೆಯ ಮುಳ್ಳು ಸಾಲು ಹಾಕುತ್ತಿದ್ದ ಹಿರಿಯರು ಜೇನಿಗೆಂದು ಅದನ್ನು ಹಾಕಿರಲಿಲ್ಲ. ಆದರೂ ಕಿತ್ತಳೆ ಬಣ್ಣದ ಆ ಹೂವಿನ ಗೆರೆ ಬಿಸಿಲು ಬಲಿಯುವ ಮುಂಚೆ ಜೇನಿಗೆ ಸಿಗುತ್ತಿದ್ದ ಒಳ್ಳೆಯ ಮೇವು.

ಊರೊಳಗೂ ಈ ನೆಂಟರಿಗೆ ಮನೆಗಳಿವೆ. ಬೀದರಿನ ಹಳೆಯ ಓಣಿಯ ಅಂಗಳದಲ್ಲಿ ಒಂದು ಕರಿಬೇವು, ಒಂದು ನಿಂಬೆ ಇದ್ದೇ ಇರುತ್ತದೆ. ಆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಬಿದ್ದಿರುವುದು ನಿಂಬೆ ಚಿಟ್ಟೆಯ ಮರಿ. ಹಿಕ್ಕೆಯೆಂದು ಬಗೆದು ಹಕ್ಕಿ ಬಿಟ್ಟುಬಿಡುತ್ತದೆ. ದೊಡ್ಡದಾದ ಮೇಲೆ ಹಸಿರು ಕೋಟು ತೊಡುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ನಾರುವ ಕೋಡು ಹೊರಹಾಕುತ್ತದೆ. ಬಿಲ್ವವೂ ಇದಕ್ಕೆ ಆಗುತ್ತದೆ. ಬೀದರಿನ ಪಾಪನಾಶದ ಶಿವನಿಗೆ, ಔರಾದಿನ ಅಮರೇಶ್ವರನಿಗೆ ಏರುವ ಪತ್ರಿಯಲ್ಲಿ ಹುಳು ತಿಂದ ಎಲೆಯನ್ನು ಪೂಜಾರಿ ಬೇರೆ ಇಡುತ್ತಾನೆ. ಹೀಗೆ ಬೇರೆ ಇಟ್ಟದ್ದೇ ಚಿಟ್ಟೆಯ ಪಾಲು.

ಔರಾದ್ ಸೀಮೆ ದೇವಣಿ ದನಕ್ಕೆ ಹೆಸರುವಾಸಿ. ಎಳ್ಳಮಾಸಿಯ ಮಧ್ಯಾಹ್ನ ದನ ನೀರು ಕುಡಿದು ಗಂಜಲ ಹೊಯ್ದು ಹೋದ ಹಸಿ ನೆಲದ ಮೇಲೆ, ಮಾಂಜ್ರಾ ದಂಡೆಯ ಕೆಸರಿನಲ್ಲಿ ಹಳದಿ ಚಿಟ್ಟೆಗಳು ಸಾಲಾಗಿ ಕೂತು ಹೀರುತ್ತಿರುತ್ತವೆ. ಮಕರಂದದಲ್ಲಿ ಸಿಗದ ಉಪ್ಪು ಅವುಗಳಿಗೆ ಅಲ್ಲಿ ಸಿಗುತ್ತದೆ. ಕೂತವು ಹೆಚ್ಚಾಗಿ ಗಂಡುಗಳೇ. ಆ ಉಪ್ಪನ್ನು ಕೂಡುವಾಗ ಹೆಣ್ಣಿಗೆ ಕೊಡುತ್ತವೆ, ಹೆಣ್ಣು ಅದನ್ನು ಮೊಟ್ಟೆಗೆ ಸೇರಿಸುತ್ತದೆ. ವಿಜ್ಞಾನಿಗಳು ಇದನ್ನು ಮದುವೆಯ ಉಡುಗೊರೆ ಎನ್ನುತ್ತಾರೆ. ಗಂಜಲದ ಉಡುಗೊರೆ ಎಂದು ಬಿಡಿಸಿ ಹೇಳಿದರೆ ಕೊಂಪೆಯ ಸುತ್ತ ಕೂತ ಹುಡುಗರ ನಗು ನಿಲ್ಲುವುದಿಲ್ಲ.

ಈ ಹಬ್ಬದ ಹೊತ್ತೂ ಚಿಟ್ಟೆಗೆ ಸರಿಯಾಗಿ ಕೂಡಿಬಂದಿದೆ. ಡಿಸೆಂಬರಿನ ಬೀದರ್ ಬೆಳಗಿನ ಥಂಡಿಯಲ್ಲಿ ಚಿಟ್ಟೆಗೆ ಹಾರಲಾಗದು, ಮೈ ಕಾಯಿಸಿಕೊಳ್ಳಲು ಅದು ರೆಕ್ಕೆ ಬಿಚ್ಚಿ ಬಿಸಿಲಿಗೆ ಮೈಯೊಡ್ಡುತ್ತದೆ. ಮಂದಿ ಹೊಲ ಮುಟ್ಟುವುದು ಹತ್ತು, ಹನ್ನೊಂದಕ್ಕೆ. ಅವೂ ಆಗಲೇ ಎದ್ದಿರುತ್ತವೆ. ಅಗಸೆಯ ನೀಲಿ ಹೂ ನೋಡಬೇಕೆಂದರೆ ಮಾತ್ರ ಬೇಗ ಹೋಗಬೇಕು, ಮಧ್ಯಾಹ್ನದ ಹೊತ್ತಿಗೆ ಅದರ ಎಸಳು ಉದುರಿರುತ್ತದೆ. ಕೊತ್ತಂಬರಿಯ ಮಡಿ ಹೂವಿಗೆ ಬಂದಿದ್ದರೆ ಮಕ್ಕಳನ್ನು ಅಲ್ಲಿ ಕಾಲು ಗಂಟೆ ಕೂರಿಸಿ ಬಂದವನ್ನೆಲ್ಲ ಎಣಿಸಲು ಹೇಳಬಹುದು: ಕೋಲುಜೇನು, ಜೇನಿನಂತೆ ಪಟ್ಟೆ ಬಳಿದುಕೊಂಡ ನೊಣ, ನೀಲಿ ಚಿಟ್ಟೆ. ಬ್ರಿಟನ್ನಿನ ದೊಡ್ಡ ಚಿಟ್ಟೆ ಎಣಿಕೆಯವರು ಜನರಿಂದ ಕೇಳುವುದೂ ಈ ಕಾಲು ಗಂಟೆಯನ್ನೇ. ಭಜ್ಜಿ ಬಡಿಸುವವರೆಗೆ ಹಸಿದ ಮಕ್ಕಳನ್ನು ಸುಮ್ಮನಿರಿಸುವ ಉಪಾಯವೂ ಆಯಿತು.

ಒಂದೇ ತೊಡಕು, ಹಬ್ಬ ಚಂದ್ರನ ಲೆಕ್ಕದ್ದು, ಹೂವು ಸೂರ್ಯನ ಲೆಕ್ಕದ್ದು. 2024ರಲ್ಲಿ ಎಳ್ಳ ಅಮಾವಾಸ್ಯೆ ಎರಡು ಸಲ ಬಂತು, ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ. 2025ರದು ಡಿಸೆಂಬರ್ 19ಕ್ಕೆ. ಆಗ ತೊಗರಿಯ ತುದಿಯಲ್ಲಿ ಇನ್ನೂ ಹಳದಿ ಹೂ ಉಳಿದಿರುತ್ತದೆ. ಅಧಿಕ ಮಾಸದಿಂದಾಗಿ 2026ರ ಕ್ಯಾಲೆಂಡರಿನಲ್ಲಿ ಎಳ್ಳಮಾಸಿಯೇ ಇಲ್ಲ, ಅದರ ಪಾಲಿನದು 2027ರ ಜನವರಿ 7ಕ್ಕೆ ಹೋಗಿದೆ. ಅಷ್ಟು ತಡವಾದರೆ ತೊಗರಿ ಒಣಗಿ ಕೊಯ್ಲಿಗೆ ಬಂದಿರುತ್ತದೆ. ಕೊಂಪೆಗೆ ದಂಟು ಕಟ್ಟುವವರು ಹೊಲದಂಚಿನಲ್ಲಿ ಮುಳ್ಳು ಮೊಗ್ಗು ಬಿಚ್ಚುತ್ತಿರುವ ಕುಸುಬೆ ಸಿಕ್ಕೀತೇ ಎಂದು ನೋಡಬೇಕು. ಕರಿ ದುಂಬಿಯೂ ಆಗ ಬದುವಿನ ಎಕ್ಕೆಗೆ ಮರಳಿರುತ್ತದೆ.